ಮಾತು ಎಣಿಸಬೇಡಿ, ಒಡನಾಟ ನೋಡಿ: ಪುಟ್ಟ ಮಕ್ಕಳಲ್ಲಿ ಆಟಿಸಂ ಸೂಚನೆ ಗಮನಿಸಿ ತಪಾಸಣೆಗೆ ಹೋಗುವ ದಾರಿ

"ಮಗನಿಗೆ ಒಂದೂವರೆ ವರ್ಷ. ಕರೆದರೆ ತಿರುಗಿ ನೋಡಲ್ಲ. ಇನ್ನೂ ಅಮ್ಮ ಅಂದಿಲ್ಲ. ಮನೆಯಲ್ಲಿ ಕೇಳಿದರೆ ಅವರಪ್ಪನೂ ಲೇಟಾಗೇ ಮಾತಾಡಿದ್ದು, ಬಿಡು ಅಂತಾರೆ. ಆಟಿಸಂ ಇರಬಹುದಾ?" ಹೆಚ್ಚೂಕಮ್ಮಿ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇದೆ. ಒಬ್ಬೊಬ್ಬರಿಗೂ ತುಂಡು ತುಂಡಾಗಿ ಉತ್ತರ ಕೊಡುವ ಬದಲು ಮೊದಲಿನಿಂದ ಕೊನೆವರೆಗೆ ಒಂದೇ ಕಡೆ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದನ್ನು ಓದಿ ಮಗುವಿಗೆ ಆಟಿಸಂ ಇದೆ ಅಂತಲೋ ಇಲ್ಲ ಅಂತಲೋ ನೀವು ತೀರ್ಮಾನ ಮಾಡುವ ಹಾಗಿಲ್ಲ. ಆ ಕೆಲಸ ತಜ್ಞರದು. ಆದರೆ ತಜ್ಞರು ಮಗುವನ್ನು ನೋಡುವುದು ಒಂದು ಗಂಟೆಯೋ ಎರಡು ಗಂಟೆಯೋ, ನೀವು ನೋಡುವುದು ಬೆಳಗಿನಿಂದ ರಾತ್ರಿವರೆಗೆ. ಹಾಗಾಗಿ ನೀವು ಏನು ಗಮನಿಸಿದಿರಿ, ಅದನ್ನು ಅವರಿಗೆ ಹೇಗೆ ಹೇಳಿದಿರಿ ಅನ್ನುವುದಕ್ಕೆ ತುಂಬಾ ಬೆಲೆ ಇದೆ.

ಆಟಿಸಂ ಅಂದರೆ ಮಿದುಳು ಬೆಳೆಯುವ ರೀತಿಯಲ್ಲೇ ಇರುವ ಒಂದು ವ್ಯತ್ಯಾಸ. ಸರ್ಕಾರಿ ಕಾಗದಗಳಲ್ಲಿ ಇದಕ್ಕೆ 'ಸ್ವಲೀನತೆ' ಅಂತ ಇರುತ್ತದೆ. ಇದರಲ್ಲಿ ಎರಡು ಮುಖ್ಯ ಸಂಗತಿ. ಒಂದು, ಬೇರೆಯವರ ಜೊತೆ ಒಡನಾಡುವ, ಹಂಚಿಕೊಳ್ಳುವ ರೀತಿ ಬೇರೆಯಾಗಿರುವುದು. ಇನ್ನೊಂದು, ಮಾಡಿದ್ದನ್ನೇ ಮಾಡುವುದು, ಸದ್ದು, ಬೆಳಕು, ಬಟ್ಟೆ, ರುಚಿ ಇವುಗಳಿಗೆ ತೀರಾ ಜಾಸ್ತಿ ಅಥವಾ ತೀರಾ ಕಡಿಮೆ ಸ್ಪಂದಿಸುವುದು. ಇಲ್ಲಿ ಗಮನಿಸಿ, ಮಾತಿನ ಸುದ್ದಿಯೇ ಬರಲಿಲ್ಲ. ವೈದ್ಯರು ಬಳಸುವ ಡಿಎಸ್‌ಎಂ-5 ಎಂಬ ಕೈಪಿಡಿ 2013ರಲ್ಲಿ ಬಂತು. ಅದರಲ್ಲಿ ಮಾತು ತಡವಾಗುವುದು ಆಟಿಸಂ ಗುರುತಿಸುವ ಕಡ್ಡಾಯ ಲಕ್ಷಣವೇ ಅಲ್ಲ. ಮಾತು ತಡವಾದರೂ ಆಟಿಸಂ ಇಲ್ಲದ ಮಕ್ಕಳು ಬೇಕಾದಷ್ಟಿದ್ದಾರೆ. ಪಟಪಟ ಮಾತಾಡುವ, ಅಕ್ಷರಮಾಲೆ ಪೂರ್ತಿ ಒಪ್ಪಿಸುವ ಆಟಿಸಂ ಮಕ್ಕಳೂ ಇದ್ದಾರೆ. ನಮ್ಮಲ್ಲಿ ಮಾತ್ರ ಎಲ್ಲರ ಕಣ್ಣೂ ಮಾತಿನ ಮೇಲೆಯೇ. ಮಗು ಎಷ್ಟು ಪದ ಹೇಳುತ್ತದೆ ಅಂತ ಎಣಿಸುತ್ತಾ ಕೂತು, ಮಾತು ಹುಟ್ಟುವ ಮೊದಲೇ ಕಾಣಬೇಕಾಗಿದ್ದನ್ನು ಬಿಟ್ಟುಬಿಡುತ್ತೇವೆ.

ಬೇಕಾಗುವುದು ಇಷ್ಟೇ: ಒಂದು ನೋಟ್‌ಬುಕ್, ಫೋನ್, ಮಗುವಿನ ತಾಯಿ ಕಾರ್ಡ್, ಹಳೇ ವಿಡಿಯೊಗಳು, ಒಂದೆರಡು ವಾರದ ಗಮನ.

1. ಯಾವ ವಯಸ್ಸಿಗೆ ಯಾವ ಒಡನಾಟ ಅಂತ ತಿಳಿದುಕೊಳ್ಳಿ

2 ತಿಂಗಳ ಆಸುಪಾಸಿನಲ್ಲಿ ನಿಮ್ಮ ಮುಖ ನೋಡಿ ನಗು ಬರುತ್ತದೆ. 6 ತಿಂಗಳ ಹೊತ್ತಿಗೆ ನೀವು 'ಆ' ಅಂದರೆ ತಾನೂ ಏನೋ ಒಂದು ಸದ್ದು ಮಾಡಿ ಉತ್ತರ ಕೊಡುತ್ತದೆ. 9 ತಿಂಗಳಿಗೆ ಹೆಸರು ಹಿಡಿದು ಕರೆದರೆ ತಿರುಗುತ್ತದೆ, ಸೆರಗಿನಲ್ಲಿ ಮುಖ ಮುಚ್ಚಿ ತೆಗೆದರೆ ಕಿಲಕಿಲ ಅನ್ನುತ್ತದೆ. ವರ್ಷ ತುಂಬುವಾಗ ಟಾಟಾ, ಚಪ್ಪಾಳೆ, ಎತ್ತಿಕೋ ಅಂತ ಎರಡೂ ಕೈ ಚಾಚುವುದು. ಎರಡು ವರ್ಷಕ್ಕೆ ಪಕ್ಕದಲ್ಲಿ ಯಾರಾದರೂ ಅತ್ತರೆ ಆಟ ನಿಲ್ಲಿಸಿ ನೋಡುತ್ತದೆ. ಎರಡೂವರೆಯ ಹೊತ್ತಿಗೆ ಖಾಲಿ ಲೋಟದಲ್ಲಿ ಸುಳ್ಳು ಕಾಫಿ ಮಾಡಿ ನಿಮಗೆ ಕುಡಿಸುತ್ತದೆ. ಮೂರಕ್ಕೆ ಬೇರೆ ಮಕ್ಕಳ ಆಟದೊಳಗೆ ನುಗ್ಗುತ್ತದೆ.

ಇಷ್ಟರಲ್ಲಿ ಒಂದನ್ನು ನಾನು ಬೇಕಂತಲೇ ಬಿಟ್ಟಿದ್ದೆ, ಯಾಕೆಂದರೆ ಅದನ್ನು ಬಿಡಿಸಿ ಹೇಳಬೇಕು. ಅದು ಬೆರಳು ಮಾಡಿ ತೋರಿಸುವುದು. ಇದರಲ್ಲಿ ಎರಡು ಬಗೆ. ಮೊದಲನೆಯದು 'ಕೊಡು' ಅಂತ ತೋರಿಸುವುದು: ಬಾಳೆಹಣ್ಣಿನ ಕಡೆ ಬೆರಳು, ಹಣ್ಣು ಕೈಗೆ ಬಂದರೆ ಮುಗಿಯಿತು. ಎರಡನೆಯದು 'ನೋಡು' ಅಂತ ತೋರಿಸುವುದು: ಆಕಾಶದಲ್ಲಿ ವಿಮಾನ ಹೋಯಿತು, ಮಗು ಅದರ ಕಡೆ ಬೆರಳು ಮಾಡಿ, ನೀವೂ ನೋಡಿದಿರಾ ಅಂತ ತಿರುಗಿ ನಿಮ್ಮ ಮುಖ ನೋಡುತ್ತದೆ. ವಿಮಾನ ಬೇಕು ಅಂತಲ್ಲ, ನಿಮಗೂ ಕಾಣಲಿ ಅನ್ನುವ ಆಸೆ ಅಷ್ಟೇ. ಇದು ಒಂದೂವರೆ ವರ್ಷದ ಹೊತ್ತಿಗೆ ಬಂದಿರಬೇಕು. ಹೀಗೆ ಇಬ್ಬರೂ ಸೇರಿ ಒಂದೇ ವಸ್ತುವನ್ನು ಗಮನಿಸುವುದಕ್ಕೆ ತಜ್ಞರು 'ಜಾಯಿಂಟ್ ಅಟೆನ್ಶನ್' ಅನ್ನುತ್ತಾರೆ, ನಾವು ಜಂಟಿ ಗಮನ ಅನ್ನೋಣ. ಆಟಿಸಂ ಇರುವ ಪುಟ್ಟ ಮಕ್ಕಳಲ್ಲಿ ಮೊದಲ ಬಗೆಯದು ಇದ್ದು ಎರಡನೆಯದು ಇಲ್ಲದಿರುವುದು ತುಂಬಾ ಸಲ ಕಾಣುತ್ತದೆ. "ನಮ್ಮ ಮಗು ಬೆರಳು ತೋರಿಸುತ್ತೆ" ಅಂತ ಮನೆಯವರು ನಿಶ್ಚಿಂತೆಯಾಗಿರುವುದು ಮೊದಲನೆಯದನ್ನು ನೋಡಿ.

ಚಂದಮಾಮನನ್ನು ತೋರಿಸಿ ತುತ್ತು ತಿನ್ನಿಸುವ ರೂಢಿ ನಮ್ಮಲ್ಲಿ ಎಲ್ಲರ ಮನೆಯಲ್ಲೂ ಇದೆ. ನೀವು ತೋರಿಸಿದ ಕಡೆ ಮಗು ನೋಡುತ್ತದಾ, ಅಥವಾ ನಿಮ್ಮ ಬೆರಳನ್ನೇ ನೋಡುತ್ತಾ ಕೂರುತ್ತದಾ, ಎರಡನ್ನೂ ನೋಡದೆ ಇರುತ್ತದಾ? ಇವತ್ತು ರಾತ್ರಿಯೇ ಗಮನಿಸಬಹುದು.

ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಾದರೆ ವಯಸ್ಸನ್ನು ಹುಟ್ಟಿದ ದಿನದಿಂದ ಲೆಕ್ಕ ಹಾಕಬೇಡಿ, ಡಾಕ್ಟರು ಕೊಟ್ಟಿದ್ದ ಹೆರಿಗೆ ದಿನಾಂಕದಿಂದ ಹಾಕಿ. ಎರಡು ತಿಂಗಳು ಮುಂಚೆ ಹುಟ್ಟಿದ ಮಗು 11 ತಿಂಗಳಲ್ಲಿ 9 ತಿಂಗಳ ಮಗುವಿನ ಹಾಗೆ ಇದ್ದರೆ ಗಾಬರಿ ಬೇಡ. ಎರಡು ವರ್ಷದವರೆಗೆ ಇದೇ ಲೆಕ್ಕ.

ಇದಕ್ಕೆ ಮಾತ್ರ ಕಾಯಬೇಡಿ: ಮೊದಲು ಇದ್ದ ಮಾತು, ಟಾಟಾ, ನಗು, ಮುಖ ನೋಡುವುದು ಕಡಿಮೆಯಾಗುತ್ತಾ ಬಂದರೆ, ಯಾವ ವಯಸ್ಸೇ ಆಗಿರಲಿ, ಮುಂದಿನ ಹಂತಗಳನ್ನು ಬಿಟ್ಟು ನೇರವಾಗಿ ಡಾಕ್ಟರ ಹತ್ತಿರ ಹೋಗಿ. ಜೊತೆಗೆ ಫಿಟ್ಸ್ ಕೂಡ ಬಂದಿದ್ದರೆ ಆವತ್ತೇ. ವರ್ಷವಾದರೂ ತೊದಲು ಸದ್ದು, ಕೈಸನ್ನೆ ಏನೂ ಇಲ್ಲ, 16 ತಿಂಗಳಾದರೂ ಒಂದು ಪದವಿಲ್ಲ, ಎರಡು ವರ್ಷವಾದರೂ 'ಅಮ್ಮ ಬಾ' ಅನ್ನುವಂಥ ಎರಡು ಪದ ಜೋಡಿಸಿ ಹೇಳುವುದಿಲ್ಲ ಅಂದರೂ ತೋರಿಸಲೇಬೇಕು. ಕಾರಣ ಆಟಿಸಮ್ಮೇ ಆಗಿರಬೇಕು ಅಂತಿಲ್ಲ.

2. ಮನೆಯಲ್ಲೇ ನಾಲ್ಕು ಸನ್ನಿವೇಶ ಮಾಡಿ ನೋಡಿ

ಇದು ಪರೀಕ್ಷೆ ಅಲ್ಲ, ಪಾಸು ಫೇಲು ಇಲ್ಲ. ಮಗುವಿಗೆ ಹೊಟ್ಟೆ ತುಂಬಿರಬೇಕು, ನಿದ್ದೆ ಆಗಿರಬೇಕು, ಟಿವಿ ಫೋನ್ ಆಫ್ ಆಗಿರಬೇಕು, ಸುತ್ತ ಜನ ಇರಬಾರದು. ನೆಂಟರ ಎದುರು ಮಾಡಿದರೆ ಏನೂ ತಿಳಿಯುವುದಿಲ್ಲ.

ಮೊದಲನೆಯದು ಹೆಸರು. ಮಗು ಸಾಧಾರಣ ಆಟಿಕೆ ಇಟ್ಟುಕೊಂಡು ಕೂತಿದ್ದಾಗ ಪಕ್ಕದಿಂದಲೋ ಹಿಂದಿನಿಂದಲೋ ಮಾಮೂಲಿ ದನಿಯಲ್ಲಿ ಒಂದು ಸಲ ಕರೆಯಿರಿ. ಮುಟ್ಟಬೇಡಿ, ಚಪ್ಪಾಳೆ ತಟ್ಟಬೇಡಿ, "ಚಾಕೊಲೇಟ್ ಬೇಕಾ" ಅನ್ನಬೇಡಿ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ. ನಮ್ಮ ಮನೆಗಳಲ್ಲಿ ಆಗುವ ಎಡವಟ್ಟು ಏನೆಂದರೆ ಅಜ್ಜಿ, ಅತ್ತೆ, ಚಿಕ್ಕಪ್ಪ ಎಲ್ಲರೂ ಸೇರಿ ಹತ್ತು ಸಲ ಕರೆಯುತ್ತಾರೆ, ಕೊನೆಗೆ ಗದ್ದಲಕ್ಕೆ ಮಗು ತಿರುಗಿದರೆ "ನೋಡು, ತಿರುಗಿತಲ್ಲ" ಅನ್ನುತ್ತಾರೆ. ಒಂದೊಂದು ಮಗುವನ್ನು ಒಬ್ಬೊಬ್ಬರು ಒಂದೊಂದು ಹೆಸರಲ್ಲಿ ಕರೆಯುವುದೂ ಉಂಟು, ಚಿನ್ನು, ಪುಟ್ಟ, ಬಂಗಾರಿ ಅಂತ. ಮಗುವಿಗೆ ಹೆಚ್ಚು ರೂಢಿಯಾದ ಹೆಸರನ್ನೇ ಬಳಸಿ.

ಎರಡನೆಯದು ಡಬ್ಬಿ. ಒಳಗಿರುವುದು ಕಾಣುವಂಥ, ಮುಚ್ಚಳ ಬಿಗಿಯಾಗಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮಗುವಿಗೆ ಇಷ್ಟವಾದ ಬಿಸ್ಕತ್ತು ಹಾಕಿ ಎದುರಿಗಿಟ್ಟು, ನೀವೂ ಎದುರಿಗೇ ನೆಲದ ಮೇಲೆ ಕೂತುಕೊಳ್ಳಿ. ಬಾಯಿ ಬಿಡಬೇಡಿ, ಸಹಾಯ ಮಾಡಬೇಡಿ. ಇದು ಕಷ್ಟ, ಕೈ ತಾನಾಗಿ ಮುಂದೆ ಹೋಗುತ್ತದೆ. ಒಂದು ಮಗು ಡಬ್ಬಿ ಅಲ್ಲಾಡಿಸುತ್ತದೆ, ಮುಚ್ಚಳ ಕಚ್ಚುತ್ತದೆ, ಆಗದಿದ್ದಾಗ ಡಬ್ಬಿಯನ್ನು ನಿಮ್ಮ ಕಡೆ ತಳ್ಳಿ ಮುಖ ನೋಡಿ 'ಊಂ' ಅನ್ನುತ್ತದೆ, ಮತ್ತೆ ಡಬ್ಬಿ ನೋಡುತ್ತದೆ, ಮತ್ತೆ ನಿಮ್ಮ ಮುಖ. ಇನ್ನೊಂದು ಮಗು ನಿಮ್ಮ ಮಣಿಕಟ್ಟು ಹಿಡಿದು ಎಳೆದು ನಿಮ್ಮ ಬೆರಳುಗಳನ್ನು ಸರಿಯಾಗಿ ಮುಚ್ಚಳದ ಮೇಲೆ ಇಡುತ್ತದೆ, ಕಣ್ಣು ಮಾತ್ರ ಡಬ್ಬಿ ಬಿಟ್ಟು ಮೇಲೆ ಬರುವುದೇ ಇಲ್ಲ. ಎರಡೂ ಜಾಣ ಮಕ್ಕಳೇ, ಎರಡೂ ಕೇಳುತ್ತಿವೆ. ಆದರೆ ಮೊದಲ ಮಗು ನಿಮ್ಮನ್ನು ಕೇಳುತ್ತಿದೆ, ಎರಡನೆಯದು ನಿಮ್ಮ ಕೈಯನ್ನು. ಈ ವ್ಯತ್ಯಾಸ ಕಂಡರೆ ಹಾಗೆಯೇ ಬರೆದಿಡಿ.

ಮೂರನೆಯದು ಸೋಪಿನ ಗುಳ್ಳೆ ಅಥವಾ ಬಲೂನು. ನಾಲ್ಕು ಸಲ ಊದಿ, ಮಗುವಿಗೆ ಖುಷಿ ಹತ್ತಿದ ಮೇಲೆ ನಿಲ್ಲಿಸಿ. ಮಗು ಗುಳ್ಳೆ ನೋಡಿ ನಗುವುದು ಒಂದು, ಆ ನಗುವನ್ನು ನಿಮ್ಮ ಕಡೆ ತಿರುಗಿಸುವುದು ಇನ್ನೊಂದು. ನಾಲ್ಕನೆಯದು ಸುಳ್ಳು ಆಟ: ಗೊಂಬೆಗೆ ಊಟ ಮಾಡಿಸುವುದು, ಬಾಚಣಿಗೆಯನ್ನು ಫೋನ್ ಮಾಡಿ 'ಹಲೋ' ಅನ್ನುವುದು. ನೀವು ಒಮ್ಮೆ ಮಾಡಿ ತೋರಿಸಿ, ಮಗು ಅನುಕರಿಸುತ್ತದಾ ನೋಡಿ. ಒಂದೂವರೆ ವರ್ಷಕ್ಕೆ ಮುಂಚೆ ಇದನ್ನು ನಿರೀಕ್ಷಿಸಬೇಡಿ.

ಕಣ್ಣಿಗೆ ಕಣ್ಣು ಕೊಡುವುದರ ಬಗ್ಗೆ ಜಾಸ್ತಿ ಜನ ಕೇಳುತ್ತಾರೆ. 2013ರಲ್ಲಿ ಅಮೆರಿಕದ ವಾರೆನ್ ಜೋನ್ಸ್ ಮತ್ತು ಆಮಿ ಕ್ಲಿನ್ ಒಂದು ಅಧ್ಯಯನ ಪ್ರಕಟಿಸಿದರು. ಮುಂದೆ ಆಟಿಸಂ ಗುರುತಿಸಲಾದ ಮಕ್ಕಳು ಹಸುಗೂಸಾಗಿದ್ದಾಗ ಬೇರೆ ಮಕ್ಕಳ ಹಾಗೆಯೇ ಕಣ್ಣು ನೋಡುತ್ತಿದ್ದರು, 2ರಿಂದ 6 ತಿಂಗಳ ನಡುವೆ ಅದು ನಿಧಾನವಾಗಿ ಇಳಿಯತೊಡಗಿತು ಅಂತ ಅದರಲ್ಲಿ ಕಂಡಿತು. ಆದರೆ ಅದನ್ನು ಅಳೆದದ್ದು ಕಣ್ಣಿನ ಚಲನೆ ಹಿಡಿಯುವ ಯಂತ್ರದಿಂದ. ನಾಲ್ಕು ತಿಂಗಳ ಕೂಸಿನ ಮುಂದೆ ಕೂತು ಎಷ್ಟು ಸೆಕೆಂಡು ನೋಡಿತು ಅಂತ ಎಣಿಸಿದರೆ ನಿಮ್ಮ ನೆಮ್ಮದಿ ಹಾಳಾಗುತ್ತದೆಯೇ ಹೊರತು ಏನೂ ಗೊತ್ತಾಗುವುದಿಲ್ಲ. ಅಂದಹಾಗೆ ಆಟಿಸಂ ಇರುವ ಮಕ್ಕಳು ಕಣ್ಣು ನೋಡುವುದೇ ಇಲ್ಲ ಅನ್ನುವುದು ತಪ್ಪು. ತುಂಬಾ ಮಕ್ಕಳು ಅಮ್ಮನ ಮುಖ ಚೆನ್ನಾಗಿಯೇ ನೋಡುತ್ತಾರೆ, ತಬ್ಬಿಕೊಳ್ಳುತ್ತಾರೆ, ಮುದ್ದು ಮಾಡಿಸಿಕೊಳ್ಳುತ್ತಾರೆ. ಅದೊಂದನ್ನೇ ನೋಡಿ ಆಟಿಸಂ ಇಲ್ಲ ಅಂದುಕೊಳ್ಳಬೇಡಿ.

3. ಬರೆದಿಡಿ, ವಿಡಿಯೊ ಮಾಡಿ

"ಗಮನ ಕೊಡಲ್ಲ" ಅಂತ ಬರೆದರೆ ಡಾಕ್ಟರಿಗೆ ಏನೂ ತಿಳಿಯಲ್ಲ. "ಮಂಗಳವಾರ ಸಂಜೆ, ಟಿವಿ ಆಫ್, ಪಕ್ಕದಿಂದ 5 ಸಲ ಕರೆದೆ, 1 ಸಲ ತಿರುಗಿದ. ಬಿಸ್ಕತ್ತಿನ ಪ್ಯಾಕೆಟ್ ಸದ್ದಿಗೆ ಒಳಗಿನ ಕೋಣೆಯಿಂದ ಓಡಿ ಬಂದ" ಅಂತ ಬರೆದರೆ ಅರ್ಧ ಕೆಲಸ ಮುಗಿದ ಹಾಗೆ. ಕಂಡದ್ದನ್ನು ಬರೆಯಿರಿ, ಅದರ ಅರ್ಥ ಹುಡುಕುವುದನ್ನು ಅವರಿಗೆ ಬಿಡಿ. ಮಗುವಿಗೆ ಚೆನ್ನಾಗಿ ಬರುವುದನ್ನೂ ಬರೆಯಿರಿ.

ಮಾಡಿದ್ದನ್ನೇ ಮಾಡುವ ವರ್ತನೆಗಳನ್ನೂ ಸೇರಿಸಿ. ಕಾರಿನ ಆಟಿಕೆ ಓಡಿಸುವ ಬದಲು ತಲೆಕೆಳಗು ಮಾಡಿ ಚಕ್ರ ತಿರುಗಿಸುತ್ತಾ ಕೂರುವುದು, ಕೈ ಬಡಿಯುವುದು, ತುದಿಗಾಲಲ್ಲಿ ನಡೆಯುವುದು, ತಿರುಗುವ ಫ್ಯಾನನ್ನೇ ನೋಡುವುದು, ಮಿಕ್ಸಿ ಅಥವಾ ಕುಕ್ಕರ್ ಸದ್ದಿಗೆ ಕಿವಿ ಮುಚ್ಚಿ ಅಳುವುದು, ದಿನಾ ಹೋಗುವ ದಾರಿ ಬದಲಾದರೆ ರಂಪ ಮಾಡುವುದು. ಇವುಗಳಲ್ಲಿ ಯಾವುದಾದರೂ ಒಂದು ಇದ್ದ ಮಾತ್ರಕ್ಕೆ ಏನೂ ಅಲ್ಲ. ಎಲ್ಲ ಮಕ್ಕಳೂ ಒಂದಷ್ಟು ದಿನ ಚಕ್ರ ತಿರುಗಿಸುತ್ತಾರೆ, ತುದಿಗಾಲಲ್ಲಿ ಓಡಾಡುತ್ತಾರೆ. ಒಡನಾಟದ ಕೊರತೆಯ ಜೊತೆಗೆ ಇವೂ ಇದ್ದರೆ ಆಗ ತೂಕ ಬರುತ್ತದೆ.

ವಿಡಿಯೊ ಎರಡು ಮೂರು ನಿಮಿಷದ್ದು ಸಾಕು. ಊಟ ಮಾಡುವಾಗ, ಒಬ್ಬನೇ ಆಡುವಾಗ, ಬೇರೆ ಮಕ್ಕಳ ಜೊತೆ ಇರುವಾಗ, ಹೀಗೆ ಬೇರೆ ಬೇರೆ ಸಮಯದಲ್ಲಿ ತೆಗೆಯಿರಿ. "ಹಲೋ ಹೇಳು, ಮೂಗು ಎಲ್ಲಿ ತೋರ್ಸು" ಅಂತ ಹೇಳಿಸುತ್ತಾ ತೆಗೆಯಬೇಡಿ. ಮಗು ತಾನಾಗಿ ಏನು ಮಾಡುತ್ತದೆ ಅನ್ನುವುದೇ ಬೇಕಾಗಿರುವುದು.

ಹಳೇ ವಿಡಿಯೊಗಳನ್ನು ಅಳಿಸಬೇಡಿ, ಅವು ಸಾಕ್ಷಿ. 1994ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜೂಲಿ ಆಸ್ಟರ್ಲಿಂಗ್ ಮತ್ತು ಜೆರಾಲ್ಡಿನ್ ಡಾಸನ್, ಮುಂದೆ ಆಟಿಸಂ ಗುರುತಿಸಲಾಗಿದ್ದ 11 ಮಕ್ಕಳು ಮತ್ತು ಇನ್ನು 11 ಬೇರೆ ಮಕ್ಕಳ ಮೊದಲ ಹುಟ್ಟುಹಬ್ಬದ ಮನೆ ವಿಡಿಯೊಗಳನ್ನು ತರಿಸಿ ನೋಡಿದರು. ಬೇರೆಯವರ ಮುಖ ನೋಡುವುದು, ಹೆಸರಿಗೆ ತಿರುಗುವುದು, ಬೆರಳು ಮಾಡುವುದು, ವಸ್ತುವನ್ನು ಎತ್ತಿ ತೋರಿಸುವುದು, ಈ ನಾಲ್ಕರಲ್ಲೇ ಎರಡು ಗುಂಪಿನ ವ್ಯತ್ಯಾಸ ಕಂಡಿತು. ರೋಗಪತ್ತೆ ಆಗುವುದಕ್ಕೆ ಎಷ್ಟೋ ಮುಂಚೆಯೇ, ಕೇಕ್ ಕತ್ತರಿಸುವ ವಿಡಿಯೊದಲ್ಲೇ ಅದು ಇತ್ತು. ನಿಮ್ಮ ಫೋನಿನಲ್ಲೂ ನಾಮಕರಣ, ಮೊದಲ ಹುಟ್ಟುಹಬ್ಬ, ಮದುವೆ ಮನೆಯ ವಿಡಿಯೊ ಇದ್ದೇ ಇರುತ್ತವೆ ಅಲ್ವಾ? ತಿಂಗಳ ಪ್ರಕಾರ ಜೋಡಿಸಿ ಒಂದು ಫೋಲ್ಡರಿಗೆ ಹಾಕಿ. ಇದ್ದದ್ದು ಕಡಿಮೆಯಾಯಿತೋ, ಮೊದಲಿಂದಲೂ ಇರಲಿಲ್ಲವೋ ಅನ್ನುವ ಪ್ರಶ್ನೆಗೆ ನೆನಪಿಗಿಂತ ಇದು ಗಟ್ಟಿ ಉತ್ತರ.

4. ಎಂ-ಚಾಟ್ ತುಂಬಿ

16ರಿಂದ 30 ತಿಂಗಳ ಮಕ್ಕಳಿಗೆ 'ಎಂ-ಚಾಟ್-ಆರ್' ಅಂತ ಒಂದು ಪ್ರಶ್ನಾವಳಿ ಇದೆ. ಹೌದು ಅಥವಾ ಇಲ್ಲ ಅಂತ ಉತ್ತರಿಸುವ 20 ಪ್ರಶ್ನೆ, ದುಡ್ಡು ಕೊಡಬೇಕಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಘ 18 ಮತ್ತು 24 ತಿಂಗಳಲ್ಲಿ ಎಲ್ಲ ಮಕ್ಕಳಿಗೂ ಆಟಿಸಂ ಸ್ಕ್ರೀನಿಂಗ್ ಮಾಡಿ ಅನ್ನುತ್ತದೆ. ಸ್ಕ್ರೀನಿಂಗ್ ಅಂದರೆ ಇನ್ನಷ್ಟು ನೋಡಬೇಕಾದ ಮಕ್ಕಳನ್ನು ಬೇರ್ಪಡಿಸುವುದು, ರೋಗಪತ್ತೆ ಅಲ್ಲ. ನಮ್ಮಲ್ಲಿ ಚುಚ್ಚುಮದ್ದಿಗೆ ಹೋದಾಗ ಯಾರೂ ಕೇಳದಿದ್ದರೆ ನೀವೇ ಕೇಳಿ.

ಇದನ್ನು ತುಂಬುವಾಗ ಎರಡು ಕಡೆ ಜನ ಎಡವುತ್ತಾರೆ. ಒಂದು, "ಯಾವತ್ತೋ ಒಂದು ದಿನ ಮಾಡಿತ್ತು" ಅಂತ ನೆನಪು ಮಾಡಿಕೊಂಡು 'ಹೌದು' ಹಾಕುವುದು. ಒಂದೆರಡು ಸಲ ಕಂಡು ಮಾಮೂಲಾಗಿ ಮಾಡದಿದ್ದರೆ ಉತ್ತರ 'ಇಲ್ಲ'. ಇನ್ನೊಂದು, ಹೆಚ್ಚಿನ ಪ್ರಶ್ನೆಗಳಲ್ಲಿ 'ಇಲ್ಲ' ಅಂದರೆ ಒಂದು ಅಂಕ, ಆದರೆ 2, 5 ಮತ್ತು 12ನೇ ಪ್ರಶ್ನೆಗಳಲ್ಲಿ 'ಹೌದು' ಅಂದರೆ ಅಂಕ. ಕಿವಿ ಕೇಳಿಸಲ್ಲವೇನೋ ಅನ್ನಿಸಿದೆಯಾ, ಕಣ್ಣಿನ ಹತ್ತಿರ ಬೆರಳು ವಿಚಿತ್ರವಾಗಿ ಆಡಿಸುತ್ತದಾ, ದಿನನಿತ್ಯದ ಸದ್ದಿಗೆ ಕಿರಿಕಿರಿ ಆಗುತ್ತದಾ ಅನ್ನುವ ಪ್ರಶ್ನೆಗಳು ಅವು. ಒಟ್ಟು 0ರಿಂದ 2 ಬಂದರೆ ಸಾಧ್ಯತೆ ಕಡಿಮೆ. ಮಗುವಿಗೆ ಎರಡು ವರ್ಷ ತುಂಬಿರದಿದ್ದರೆ ತುಂಬಿದ ಮೇಲೆ ಇನ್ನೊಮ್ಮೆ ಮಾಡಿ. 3ರಿಂದ 7 ಬಂದರೆ ಇದೇ ಪ್ರಶ್ನಾವಳಿಯ ಎರಡನೇ ಭಾಗವನ್ನು ವೈದ್ಯರು ಅಥವಾ ತರಬೇತಾದವರು ಕೇಳಬೇಕು. 8 ಅಥವಾ ಜಾಸ್ತಿ ಬಂದರೆ ನೇರವಾಗಿ ತಜ್ಞರ ತಪಾಸಣೆ. ಅಂಕ ಜಾಸ್ತಿ ಬಂದ ಎಲ್ಲ ಮಕ್ಕಳಿಗೂ ಆಟಿಸಂ ಇರುವುದಿಲ್ಲ. ಕಡಿಮೆ ಬಂದರೂ ನಿಮ್ಮ ಮನಸ್ಸಿಗೆ ಏನೋ ಸರಿ ಇಲ್ಲ ಅನ್ನಿಸುತ್ತಿದ್ದರೆ ಹೋಗಿ ತೋರಿಸಿ. ಅಣ್ಣನಿಗೋ ಅಕ್ಕನಿಗೋ ಆಟಿಸಂ ಇದ್ದರಂತೂ ಖಂಡಿತ ತೋರಿಸಿ, ಅಂಥ ಮನೆಗಳಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಂದು ತಮ್ಮ ಅಥವಾ ತಂಗಿಗೆ ಆಟಿಸಂ ಕಾಣಿಸುತ್ತದೆ.

5. ಕಿವಿ ಪರೀಕ್ಷೆ

ಬಾಗಿಲು ಬಡಿದರೆ ಬೆಚ್ಚುತ್ತದೆ, ಜಾಹೀರಾತಿನ ಹಾಡಿಗೆ ಓಡಿ ಬರುತ್ತದೆ, ಹಾಗಾಗಿ ಕಿವಿ ಸರಿಯಿದೆ ಅಂದುಕೊಳ್ಳಬೇಡಿ. ಮಾತಿನ ಸೂಕ್ಷ್ಮ ಸದ್ದುಗಳು ಮಾತ್ರ ಕೇಳಿಸದ ಕಿವುಡೂ ಇದೆ. ಒಎಇ, ಬೆರಾ ಅನ್ನುವ ಪರೀಕ್ಷೆಗಳಿವೆ, ನೋವಿಲ್ಲ, ಬೆರಾ ಪರೀಕ್ಷೆಯನ್ನು ಸಾಮಾನ್ಯವಾಗಿ ಮಗು ಮಲಗಿದ್ದಾಗ ಮಾಡುತ್ತಾರೆ. ರಿಪೋರ್ಟ್ ಜೋಪಾನ, ಮುಂದೆ ಎಲ್ಲ ಕಡೆ ಕೇಳುತ್ತಾರೆ.

6. ಯಾರ ಹತ್ತಿರ ಹೋಗಬೇಕು

ಮೊದಲು ನಿಮ್ಮ ಮಕ್ಕಳ ಡಾಕ್ಟರು. ಅಲ್ಲಿ "ಇನ್ನೂ ಚಿಕ್ಕವನು, ಮೂರು ವರ್ಷದವರೆಗೆ ನೋಡೋಣ" ಅನ್ನುವ ಉತ್ತರ ಸಿಕ್ಕರೆ ನೋಟ್‌ಬುಕ್ ತೆಗೆದು ತೋರಿಸಿ, "ಡೆವಲಪ್‌ಮೆಂಟಲ್ ಪೀಡಿಯಾಟ್ರಿಶಿಯನ್‌ಗೆ ಬರೆದುಕೊಡಿ" ಅಂತ ಕೇಳಿ. ಮಕ್ಕಳ ಬೆಳವಣಿಗೆಯಲ್ಲೇ ಹೆಚ್ಚಿನ ತರಬೇತಿ ಪಡೆದ ಡಾಕ್ಟರು ಇವರು. ಮಕ್ಕಳ ಮನೋವೈದ್ಯರೂ ಆಗಬಹುದು. ಕೆಲವು ಮಕ್ಕಳಲ್ಲಿ 18 ತಿಂಗಳಿಗೇ ಗುರುತಿಸಬಹುದು, ಎರಡು ವರ್ಷದ ಹೊತ್ತಿಗೆ ಅನುಭವಿ ತಜ್ಞರು ಕೊಟ್ಟ ತೀರ್ಮಾನ ನಂಬುವಂಥದ್ದು. ಹೀಗಿರುವಾಗ ಮೂರು ವರ್ಷದವರೆಗೆ ಸುಮ್ನೆ ಕಾಯುವುದಕ್ಕೆ ಕಾರಣವಿಲ್ಲ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಕಿವಿ ಪರೀಕ್ಷೆ, ಮಾತಿನ ತಪಾಸಣೆ, ತೆರಪಿ ಎಲ್ಲ ಒಂದೇ ಆವರಣದಲ್ಲಿ. ಇವು ದೂರವಾದರೆ ಜಿಲ್ಲಾ ಆಸ್ಪತ್ರೆಯಲ್ಲಿ 'ಡಿಇಐಸಿ' ಎಲ್ಲಿದೆ ಅಂತ ವಿಚಾರಿಸಿ, ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗುವ ಕೇಂದ್ರ ಅದು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಭಾಗ. ಈ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರಬೇಕು. ಬರುವ ದಿನ ಯಾವುದು ಅಂತ ಅಂಗನವಾಡಿ ಟೀಚರನ್ನು ಕೇಳಿಟ್ಟುಕೊಂಡು ನೋಟ್‌ಬುಕ್ ಸಮೇತ ಹೋಗಿ. ಹಳ್ಳಿಯಲ್ಲಿರುವವರಿಗೆ ಇದು ಹತ್ತಿರದ ದಾರಿ, ಬಳಸಿಕೊಳ್ಳುವವರು ಕಡಿಮೆ.

ಅಮೆರಿಕದಲ್ಲಿರುವ ಕನ್ನಡಿಗರು ಮಗುವಿಗೆ ಮೂರು ತುಂಬಿರದಿದ್ದರೆ ನಿಮ್ಮ ರಾಜ್ಯದ 'ಅರ್ಲಿ ಇಂಟರ್‌ವೆನ್ಶನ್' ಕಚೇರಿಗೆ ನೀವೇ ಫೋನ್ ಮಾಡಬಹುದು, ಡಾಕ್ಟರ ಚೀಟಿ ಬೇಕಿಲ್ಲ. ಇಂಗ್ಲೆಂಡಿನಲ್ಲಿ ಹೆಲ್ತ್ ವಿಸಿಟರ್ ಅಥವಾ ಜಿಪಿ ಮೂಲಕ.

ತಪಾಸಣೆಯಲ್ಲಿ ರಕ್ತ ಪರೀಕ್ಷೆ, ಸ್ಕ್ಯಾನ್ ಮಾಡಿ ಆಟಿಸಂ ಕಂಡುಹಿಡಿಯುವುದಿಲ್ಲ. ನಿಮ್ಮ ಜೊತೆ ಮಾತಾಡುತ್ತಾರೆ, ಮಗುವಿನ ಜೊತೆ ಆಡುತ್ತಾರೆ, ಅಷ್ಟೇ. ಆಟವನ್ನು ನೋಡದೆ, ಹತ್ತು ನಿಮಿಷದಲ್ಲಿ ಯಾರಾದರೂ "ಆಟಿಸಂ ಇದೆ" ಅಥವಾ "ಏನೂ ಇಲ್ಲ" ಅಂದರೆ ಇನ್ನೊಬ್ಬರಿಗೆ ತೋರಿಸಿ.

7. ಸರದಿಗೆ ಕಾಯುವಾಗ ಮನೆಯಲ್ಲಿ ಮಾಡಬೇಕಾದ್ದು

ಅಪಾಯಿಂಟ್‌ಮೆಂಟ್ ಸಿಗುವುದಕ್ಕೆ ತಿಂಗಳುಗಟ್ಟಲೆ ಆಗಬಹುದು. ಒಡನಾಟ ಬೆಳೆಸುವುದಕ್ಕೆ ರಿಪೋರ್ಟ್ ಬರಬೇಕು ಅಂತಿಲ್ಲ. ನೆಲದ ಮೇಲೆ ಮಗುವಿನ ಎದುರು ಕೂತುಕೊಳ್ಳಿ. ಅದು ಏನು ನೋಡುತ್ತಿದೆಯೋ ಅದನ್ನೇ ನೀವೂ ನೋಡಿ, ಅದರ ಬಗ್ಗೆ ಒಂದೆರಡು ಪದ ಹೇಳಿ: "ಚಕ್ರ. ತಿರುಗ್ತು." ಹೇಳಿ ನಿಲ್ಲಿಸಿ, ಮಗುವಿಗೆ ಸಮಯ ಕೊಡಿ. ಅದು ಒಂದು ಸದ್ದು ಮಾಡಿದರೂ ಉತ್ತರ ಕೊಟ್ಟಿತು ಅಂತಲೇ ಹಿಡಿದು ಮುಂದುವರಿಸಿ. "ಇದೇನು? ಅದೇನು? ಹೇಳು, ಹೇಳು" ಅನ್ನುವ ಪ್ರಶ್ನೆಗಳ ಸುರಿಮಳೆ ಬೇಡ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಇಂಥದ್ದನ್ನೇ ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರ ಮೂಲಕ ತಂದೆತಾಯಿಗೆ ಕಲಿಸಿ ನೋಡಿದರು. ಪಾಸ್ ಅನ್ನುವ ಆ ಪ್ರಯೋಗದ ಫಲಿತಾಂಶ 2016ರಲ್ಲಿ ಬಂತು: ತಂದೆತಾಯಿ ಮಗುವಿನ ಗಮನಕ್ಕೆ ಹೊಂದಿಕೊಳ್ಳುವುದು ಹೆಚ್ಚಿತು, ಮಗು ತಾನಾಗಿ ಒಡನಾಟ ಶುರು ಮಾಡುವುದೂ ಹೆಚ್ಚಿತು.

ಎರಡು ವರ್ಷದೊಳಗಿನ ಮಕ್ಕಳಿಗೆ ಸ್ಕ್ರೀನ್ ಬೇಡ ಅಂತ ಭಾರತೀಯ ಮಕ್ಕಳ ವೈದ್ಯರ ಸಂಘ ಹೇಳುತ್ತದೆ, ಎರಡರಿಂದ ಐದರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು. ಮೊಬೈಲ್ ತೆಗೆದಿಡಿ, ಒಳ್ಳೆಯದು. ಆದರೆ "ಎಲ್ಲ ಮೊಬೈಲಿಂದಲೇ, ಆರು ತಿಂಗಳು ಕೊಡದೆ ನೋಡೋಣ" ಅಂತ ತಪಾಸಣೆ ಮುಂದೂಡಬೇಡಿ, ಎರಡೂ ಒಟ್ಟಿಗೆ ನಡೆಯಲಿ. ಮೊಬೈಲ್ ನೋಡಿ ಆಟಿಸಂ ಬರುತ್ತದೆ ಅಂತ ಸಾಬೀತಾಗಿಲ್ಲ. ಹಾಗೆಯೇ ಬಜೆ ತೇಯ್ದು ನಾಲಿಗೆಗೆ ಹಚ್ಚುವುದರಿಂದ ಒಡನಾಟ ಬರುವುದಿಲ್ಲ. ದೇವರಿಗೆ ಹರಕೆ ಹೊರುವುದು ನಿಮ್ಮ ನಂಬಿಕೆ, ಹೊತ್ತುಕೊಂಡೇ ತಪಾಸಣೆಗೂ ಹೋಗಿ.

ಕನ್ನಡ ಬಿಡಬೇಡಿ. "ಎರಡು ಭಾಷೆಯಿಂದ ಗೊಂದಲ ಆಗುತ್ತೆ, ಇಂಗ್ಲಿಷ್ ಮಾತ್ರ ಮಾತಾಡಿ" ಅನ್ನುವ ಸಲಹೆ ಬೆಂಗಳೂರಲ್ಲೂ ಹೊರದೇಶದಲ್ಲೂ ಸಿಗುತ್ತದೆ. ಎರಡು ಭಾಷೆಯ ಮನೆಗಳಲ್ಲಿ ಬೆಳೆದ ಆಟಿಸಂ ಮಕ್ಕಳ ಮೇಲೆ ನಡೆದ ಅಧ್ಯಯನಗಳಲ್ಲಿ ಇದರಿಂದ ಮಾತಿಗೆ ತೊಂದರೆ ಆಗಿದ್ದು ಕಂಡಿಲ್ಲ. ಅಜ್ಜಿಯ ಜೊತೆ, ಅಮ್ಮನ ಜೊತೆ ಸಲೀಸಾಗಿ ಹರಿಯುವ ಭಾಷೆಯಲ್ಲೇ ಒಡನಾಟ ಬೆಳೆಯುವುದು. ನೀವೇ ತಡವರಿಸುವ ಭಾಷೆಯಲ್ಲಿ ಮಗುವಿನ ಜೊತೆ ಆಡುವುದು ಹೇಗೆ?

8. ಆಟಿಸಂ ಅಂತ ತೀರ್ಮಾನವಾದರೆ

ಮೊದಲು ತಾಯಂದಿರಿಗೆ ಒಂದು ಮಾತು. ನಿಮ್ಮ ಮುದ್ದು ಕಡಿಮೆಯಾಗಿ, ನೀವು ಕೆಲಸಕ್ಕೆ ಹೋಗಿ, ಬಸುರಿನಲ್ಲಿ ಚಿಂತೆ ಮಾಡಿ ಇದು ಬಂದದ್ದಲ್ಲ. ತಾಯಿಯ ತಣ್ಣನೆ ಸ್ವಭಾವವೇ ಕಾರಣ ಅಂತ ಒಂದು ಕಾಲದಲ್ಲಿ ಡಾಕ್ಟರುಗಳೇ ಹೇಳುತ್ತಿದ್ದರು, ಆ ವಾದ ಬಿದ್ದುಹೋಗಿ ದಶಕಗಳೇ ಕಳೆದಿವೆ. ಚುಚ್ಚುಮದ್ದಿನಿಂದಲೂ ಬಂದದ್ದಲ್ಲ. ದಡಾರದ ಚುಚ್ಚುಮದ್ದಿನ (ಎಂಎಂಆರ್) ಬಗ್ಗೆ ಹಾಗೆ ಹೇಳಿದ 1998ರ ಲೇಖನವನ್ನು, ಅದನ್ನು ಪ್ರಕಟಿಸಿದ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. 2019ರಲ್ಲಿ ಡೆನ್ಮಾರ್ಕಿನಲ್ಲಿ 6.5 ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿದಾಗಲೂ ಸಂಬಂಧ ಕಾಣಲಿಲ್ಲ. ದಡಾರದ ಎರಡನೇ ಲಸಿಕೆ ಹಾಕುವ 16ರಿಂದ 24 ತಿಂಗಳ ಹೊತ್ತಿಗೇ ಆಟಿಸಂ ಸೂಚನೆಗಳೂ ಕಣ್ಣಿಗೆ ಬೀಳುತ್ತವೆ, ಅದಕ್ಕೇ ಎರಡನ್ನೂ ಜನ ಗಂಟು ಹಾಕುತ್ತಾರೆ.

ಮಗುವಿಗೆ ಬೇಕಾಗುವುದು ಮಾತಿನ ತೆರಪಿ, ಆಕ್ಯುಪೇಶನಲ್ ತೆರಪಿ (ಊಟ, ಬಟ್ಟೆ, ಆಟದಂಥ ದಿನದ ಕೆಲಸಗಳನ್ನು ಕಲಿಸುವುದು), ಒಡನಾಟ ಮತ್ತು ಕಲಿಕೆಯ ತರಬೇತಿ. ತೆರಪಿ ಕೋಣೆಯೊಳಗೆ ನಿಮ್ಮನ್ನು ಬಿಡದ, ಮನೆಯಲ್ಲಿ ಏನು ಮಾಡಬೇಕು ಅಂತ ಹೇಳದ ಸೆಂಟರ್ ಬೇಡ. "ಇಷ್ಟು ತಿಂಗಳಲ್ಲಿ ಪೂರ್ತಿ ಗುಣ" ಅನ್ನುವವರ ಹತ್ತಿರ ಹೋಗಲೇಬೇಡಿ. ಮುಖ್ಯವಾಗಿ ಸ್ಟೆಮ್ ಸೆಲ್ ಚಿಕಿತ್ಸೆ. ಲಕ್ಷಗಟ್ಟಲೆ ಕೇಳುತ್ತಾರೆ, ಜನ ಹೊಲ ಮನೆ ಅಡ ಇಟ್ಟು ಕೊಡುತ್ತಾರೆ. ಆಟಿಸಂಗೆ ಅದು ಕೆಲಸ ಮಾಡುತ್ತದೆ ಅನ್ನುವುದಕ್ಕೆ ಪುರಾವೆ ಇಲ್ಲ. ದೇಹದಿಂದ ಲೋಹ ತೆಗೆಯುತ್ತೇವೆ ಅನ್ನುವ 'ಕಿಲೇಶನ್' ಅಂತೂ ಪ್ರಾಣಕ್ಕೇ ಅಪಾಯ.

ಕಾಗದಪತ್ರದ ಕೆಲಸವನ್ನೂ ಶುರು ಮಾಡಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಬಗೆಯಲ್ಲಿ ಆಟಿಸಂ ಕೂಡ ಒಂದು. ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಯುಡಿಐಡಿ ಕಾರ್ಡಿಗೆ (ವಿಕಲಚೇತನರ ಗುರುತಿನ ಚೀಟಿ) ಅರ್ಜಿ ಹಾಕಬೇಕು, ಆಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ. ವೈಕಲ್ಯ ಶೇ. 40 ಅಥವಾ ಹೆಚ್ಚು ಅಂತ ಪ್ರಮಾಣಪತ್ರ ಬಂದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಕೇಂದ್ರ ಸರ್ಕಾರದ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ನ 'ನಿರಾಮಯ' ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ, ತೆರಪಿ ಖರ್ಚಿಗೂ ಅದರಲ್ಲಿ ಒಂದು ಪಾಲಿದೆ. "ಸರ್ಟಿಫಿಕೇಟ್ ಮಾಡಿಸಿದರೆ ಮಗುವಿನ ಮೇಲೆ ಮುದ್ರೆ ಬೀಳುತ್ತೆ" ಅಂತ ಹೆದರಿ ಬಿಡುವವರಿದ್ದಾರೆ. ಅದನ್ನು ಎಲ್ಲಿ ತೋರಿಸಬೇಕು, ಎಲ್ಲಿ ಬೇಡ ಅನ್ನುವುದು ನಿಮ್ಮ ಕೈಯಲ್ಲೇ ಇರುತ್ತದೆ.

ಮಗು ಆಗಲೇ ದೊಡ್ಡದಾಗಿದ್ದರೆ

ಏಳನೇ ವರ್ಷಕ್ಕೋ ಹನ್ನೆರಡಕ್ಕೋ, ಕೆಲವೊಮ್ಮೆ ದೊಡ್ಡವರಾದ ಮೇಲೆ ಅನುಮಾನ ಬರುವುದೂ ಉಂಟು. ಹೆಣ್ಣುಮಕ್ಕಳಲ್ಲಿ ಇದು ಜಾಸ್ತಿ. ಗೆಳತಿಯರನ್ನು ನೋಡಿ ಹಾಗೆಯೇ ನಡೆದುಕೊಳ್ಳುವುದನ್ನು ಕಲಿತುಬಿಡುತ್ತಾರೆ, ಶಾಲೆಯಲ್ಲಿ "ಒಳ್ಳೆ ಹುಡುಗಿ, ಸ್ವಲ್ಪ ಮೌನಿ" ಅನ್ನಿಸಿಕೊಳ್ಳುತ್ತಾರೆ, ಮನೆಗೆ ಬಂದ ಮೇಲೆ ಸುಸ್ತಾಗಿ ಕುಸಿಯುತ್ತಾರೆ. ಇವರ ತಪಾಸಣೆಯಲ್ಲೂ ತಜ್ಞರು ಪುಟ್ಟ ವಯಸ್ಸಿನ ಒಡನಾಟವನ್ನೇ ಕೆದಕುತ್ತಾರೆ. ತಂದೆತಾಯಿಯನ್ನು ಕೂರಿಸಿ ಕೇಳುವ ಎಡಿಐ-ಆರ್ ಅನ್ನುವ ಸಂದರ್ಶನದಲ್ಲಿ ಎಷ್ಟೋ ಪ್ರಶ್ನೆಗಳು 4ರಿಂದ 5 ವರ್ಷದ ವರ್ತನೆಯ ಬಗ್ಗೆಯೇ ಇರುತ್ತವೆ.

ಹೋಗುವ ಮೊದಲು ಆ ವಯಸ್ಸಿನಲ್ಲಿ ಮಗುವನ್ನು ನೋಡಿಕೊಂಡ ಅಜ್ಜಿ, ದೊಡ್ಡಮ್ಮ, ಅಂಗನವಾಡಿ ಅಥವಾ ನರ್ಸರಿ ಟೀಚರ್ ಇವರನ್ನು ಕೂರಿಸಿ ಕೇಳಿ. "ಚೆನ್ನಾಗಿದ್ದಳಾ?" ಅಂತ ಕೇಳಿದರೆ "ತುಂಬಾ ಚೆನ್ನಾಗಿದ್ದಳು, ತಂಟೆಯೇ ಇರಲಿಲ್ಲ" ಅನ್ನುತ್ತಾರೆ. "ಬಿದ್ದು ಪೆಟ್ಟಾದರೆ ನಿಮ್ಮ ಹತ್ತಿರ ಓಡಿ ಬರುತ್ತಿದ್ದಳಾ? ಚಿತ್ರ ಬರೆದರೆ ತಂದು ತೋರಿಸುತ್ತಿದ್ದಳಾ? ಬೇರೆ ಮಕ್ಕಳು ಆಡುವಾಗ ಎಲ್ಲಿ ನಿಂತಿರುತ್ತಿದ್ದಳು?" ಅಂತ ಕೇಳಿ. ಉತ್ತರಗಳನ್ನು ಅವರ ಮಾತಲ್ಲೇ ಬರೆದುಕೊಳ್ಳಿ. ತಾಯಿ ಕಾರ್ಡ್, ನರ್ಸರಿಯ ರಿಪೋರ್ಟ್ ಕಾರ್ಡುಗಳು, ಹಳೇ ಫೋಟೊ ವಿಡಿಯೊ ಎಲ್ಲ ಹುಡುಕಿ, ಜೆರಾಕ್ಸ್ ಮಾಡಿಸಿ ಒಂದು ಫೈಲಿಗೆ ಹಾಕಿ ತಗೊಂಡು ಹೋಗಿ. ಅಸಲು ಮನೆಯಲ್ಲೇ ಇರಲಿ.